ನೆತ್ತರಲ್ಲಿ ಜನಾಂಗ ಹುಡುಕಿದವರು

ಮೊದಲ ಮಹಾಯುದ್ಧದ ಕೊನೆಯ ದಿನಗಳು. ಗ್ರೀಸ್‌ನ ಸಲೋನಿಕಾ ಬಂದರು (ಈಗಿನ ಥೆಸಲೊನೀಕಿ) ಸೈನಿಕರಿಂದ ತುಂಬಿಹೋಗಿತ್ತು. ಇಂಗ್ಲಿಷರು, ಫ್ರೆಂಚರು, ಇಟಲಿಯವರು, ಸರ್ಬಿಯಾದವರು, ರಷ್ಯಾದವರು ಎಲ್ಲರೂ ಅಲ್ಲಿದ್ದರು. ವಸಾಹತುಗಳಿಂದ ಕರೆತಂದಿದ್ದ ಸೆನೆಗಲ್, ಮಡಗಾಸ್ಕರ್, ವಿಯೆಟ್ನಾಂ ಮತ್ತು ಭಾರತದ ಸಿಪಾಯಿಗಳೂ ಇದ್ದರು. ಅರ್ಧ ಪ್ರಪಂಚವೇ ಒಂದು ಊರಿನಲ್ಲಿ ಬಂದು ಕೂತಂತಿತ್ತು. ಸರ್ಬಿಯಾದ ಸೇನೆಯ ಜೊತೆ ಅಲ್ಲಿದ್ದ ಪೋಲೆಂಡಿನ ವೈದ್ಯ ದಂಪತಿ ಲುಡ್ವಿಕ್ ಹಿರ್ಷ್‌ಫೆಲ್ಡ್ ಮತ್ತು ಹಾನ್ನಾ ಇದನ್ನು ನೋಡಿ ಒಂದು ಯೋಚನೆ ಮಾಡಿದರು. ಇವರೆಲ್ಲರ ರಕ್ತ ಒಂದೊಂದು ಹನಿ ಸಿಕ್ಕರೆ ಹೇಗೆ?

ಆದರೆ ರಕ್ತ ಕೊಡಿ ಎಂದರೆ ಯಾರು ಸುಮ್ನೆ ಕೊಡುತ್ತಾರೆ? ಮುಂದೆ ಲುಡ್ವಿಕ್ ತಮ್ಮ ಆತ್ಮಕಥೆಯಲ್ಲಿ ಈ ಕಥೆ ಹೇಳಿದ್ದಾರೆ. ಇಂಗ್ಲಿಷರಿಗೆ ‘ಇದು ವಿಜ್ಞಾನಕ್ಕೆ’ ಎಂದರೆ ಸಾಕಾಗುತ್ತಿತ್ತಂತೆ. ಫ್ರೆಂಚರಿಗೆ, ಯಾರ ಜೊತೆ ಪಾಪ ಮಾಡಿದರೆ ಸಿಕ್ಕಿಬೀಳುವುದಿಲ್ಲ ಎಂದು ಇದರಿಂದ ಗೊತ್ತಾಗುತ್ತದೆ ಎಂದು ತಮಾಷೆ ಮಾಡುತ್ತಿದ್ದರಂತೆ. ಆಫ್ರಿಕಾದ ಸಿಪಾಯಿಗಳಿಗೆ, ರಜೆ ಯಾರಿಗೆ ಕೊಡಬೇಕು ಎಂದು ಈ ಪರೀಕ್ಷೆ ತೋರಿಸುತ್ತದೆ ಎಂದರಂತೆ. ಅವರು ಕೂಡಲೇ ಕೈ ಚಾಚಿದರು. ಮೊದಲ ಎರಡು ಮಾತಿಗೆ ನಗಬಹುದು. ಮೂರನೆಯದಕ್ಕೆ ನನಗೆ ನಗು ಬರುವುದಿಲ್ಲ. ಮನೆಗೆ ಹೋಗಲು ಕಾದು ಕೂತವರಿಗೆ ಸುಳ್ಳು ಹೇಳಿ ರಕ್ತ ತೆಗೆದದ್ದೇ ಅಲ್ವಾ ಅದು?

ಹೀಗೆ 16 ಜನಸಮುದಾಯಗಳ ಸುಮಾರು 8,000 ಮಂದಿಯ ರಕ್ತ ಪರೀಕ್ಷೆಯಾಯಿತು. 1919ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬಂತು. ರಕ್ತದ ಗುಂಪಿಗೂ ಜನಾಂಗಕ್ಕೂ ಗಂಟು ಬಿದ್ದದ್ದು ಇಲ್ಲಿಂದ. ಆ ಗಂಟು ಬಿಡಿಸಲು ಮುಂದೆ ಹಲವು ದಶಕ ಬೇಕಾಯಿತು.

ಗುಂಪು ಎಂದರೇನು

ಒಂದಿಷ್ಟು ಹಿಂದೆ ಹೋಗೋಣ. 1900ರ ಸುಮಾರಿಗೆ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯರು ತಮ್ಮ ಮತ್ತು ಜೊತೆಗೆ ಕೆಲಸ ಮಾಡುವವರ ರಕ್ತ ತೆಗೆದು, ಕೆಂಪು ಕಣ ಮತ್ತು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರೆ ಮಾಡಿ, ಒಬ್ಬರದ್ದನ್ನು ಇನ್ನೊಬ್ಬರದ್ದರ ಜೊತೆ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. ಕೆಲವದರಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಂಟುಗಂಟಾದವು. ಹೀಗೆ ಗಂಟಾಗುವುದನ್ನು ಮೊದಲೂ ಕೆಲವರು ಕಂಡಿದ್ದರು, ಆದರೆ ಅದು ರೋಗದ ಲಕ್ಷಣ ಎಂದುಕೊಂಡಿದ್ದರು. ಇಲ್ಲಿ ಎಲ್ಲರೂ ಆರೋಗ್ಯವಂತರೇ. 1901ರಲ್ಲಿ ಲ್ಯಾಂಡ್‌ಸ್ಟೈನರ್ ಮೂರು ಗುಂಪು ಹೇಳಿದರು. ಮರುವರ್ಷ ಅವರ ಬಳಗದವರಿಗೇ ನಾಲ್ಕನೆಯದು, ಎಬಿ, ಸಿಕ್ಕಿತು. ಈ ಕೆಲಸಕ್ಕೆ ಅವರಿಗೆ 1930ರಲ್ಲಿ ನೊಬೆಲ್ ಬಂತು.

ಗುಟ್ಟು ಇರುವುದು ಕೆಂಪು ಕಣದ ಮೈಮೇಲೆ. ಅಲ್ಲಿ ಸಕ್ಕರೆಯ ಪುಟ್ಟ ಸರಪಳಿಗಳಿವೆ. ಸರಪಳಿಯ ತುದಿಗೆ ಒಂದು ಬಗೆಯ ಸಕ್ಕರೆ ಸೇರಿದರೆ ಎ. ಇನ್ನೊಂದು ಬಗೆಯದು ಸೇರಿದರೆ ಬಿ. ಎರಡೂ ಇದ್ದರೆ ಎಬಿ. ಏನೂ ಸೇರದೆ ತುದಿ ಬೋಳಾಗಿ ಉಳಿದರೆ ಓ. ನಮ್ಮ ಮೈಯಲ್ಲಿಲ್ಲದ ಗುರುತನ್ನು ಕಂಡರೆ ಆಂಟಿಬಾಡಿಗಳು, ಅಂದರೆ ರಕ್ತದಲ್ಲಿರುವ ಕಾವಲು ಪ್ರೋಟೀನುಗಳು, ಮೇಲೆ ಬೀಳುತ್ತವೆ. ಗುಂಪು ತಪ್ಪಿದ ರಕ್ತ ಪ್ರಾಣಕ್ಕೇ ಎರವಾಗುವುದು ಇದರಿಂದ. ಇಷ್ಟೆಲ್ಲ ವ್ಯತ್ಯಾಸ ಬರುವುದು 9ನೇ ಕ್ರೋಮೋಸೋಮ್ ಮೇಲಿನ ಒಂದೇ ಒಂದು ಜೀನ್‌ನಿಂದ. ಆ ಜೀನ್‌ಗೆ ಚರ್ಮದ ಬಣ್ಣ ಗೊತ್ತಿಲ್ಲ, ಮೂಗಿನ ಆಕಾರ ಗೊತ್ತಿಲ್ಲ, ಬುದ್ಧಿಯ ವಿಚಾರವಂತೂ ಮೊದಲೇ ಗೊತ್ತಿಲ್ಲ.

ಗುಂಪು ಅಪ್ಪ ಅಮ್ಮನಿಂದ ಬರುತ್ತದೆ ಎಂದು 1910ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ತೋರಿಸಿದವರು ಎಮಿಲ್ ಫಾನ್ ಡುಂಗರ್ನ್ ಮತ್ತು ಇದೇ ಹಿರ್ಷ್‌ಫೆಲ್ಡ್. ಎ, ಬಿ, ಎಬಿ, ಓ ಎಂಬ ಹೆಸರುಗಳ ರೂಢಿ ಬಂದದ್ದೂ ಅವರಿಂದಲೇ. ಲೆಕ್ಕ ಸರಿಯಾಗಿ ಕೂತದ್ದು ಮಾತ್ರ 1924ರಲ್ಲಿ. ಗಟಿಂಗೆನ್‌ನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ ಇದು ಒಂದೇ ಜೀನ್‌ನ ಮೂರು ರೂಪಗಳ ಆಟ ಎಂದು ಅಂಕಿಅಂಶದಿಂದಲೇ ಕಂಡುಹಿಡಿದರು.

ತಲೆಬುರುಡೆ ಕೈಕೊಟ್ಟಾಗ

ಇದರಿಂದ ಜನಾಂಗ ಹುಡುಕುವವರಿಗೆ ಯಾಕೆ ಅಷ್ಟು ಖುಷಿಯಾಯಿತು? ಅವರ ಹಳೆಯ ಅಳತೆಗೋಲು ಮುರಿದಿತ್ತು. ಅಲ್ಲಿಯವರೆಗೆ ಅವರು ತಲೆಬುರುಡೆ ಅಳೆಯುತ್ತಿದ್ದರು. ಉದ್ದ ತಲೆ, ಗುಂಡು ತಲೆ ಎಂದು ಜನರನ್ನು ವಿಂಗಡಿಸುತ್ತಿದ್ದರು. ಆದರೆ 1910ರ ದಶಕದ ಆರಂಭದಲ್ಲಿ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋಯಸ್ ಅಮೆರಿಕಕ್ಕೆ ವಲಸೆ ಬಂದ ಕುಟುಂಬಗಳನ್ನು ಅಳೆದಾಗ ಬೇರೆಯೇ ಕಥೆ ಕಂಡಿತು. ಅಲ್ಲೇ ಹುಟ್ಟಿದ ಮಕ್ಕಳ ತಲೆಯ ಆಕಾರ ಅಪ್ಪ ಅಮ್ಮಂದಿರದ್ದಕ್ಕಿಂತ ಸ್ವಲ್ಪ ಬೇರೆಯಾಗಿತ್ತು. ಒಂದೇ ತಲೆಮಾರಿಗೆ ಬದಲಾಗುವ ಗುರುತನ್ನು ನಂಬಿ ಜನಾಂಗ ಕಟ್ಟುವುದು ಹೇಗೆ?

ರಕ್ತದ ಗುಂಪು ಹಾಗಲ್ಲ. ಬಿಸಿಲಿಗೆ ಕಪ್ಪಾಗುವುದಿಲ್ಲ, ಊಟಕ್ಕೆ ಬದಲಾಗುವುದಿಲ್ಲ. ಹುಟ್ಟಿದಾಗಿನದೇ ಸಾಯುವಾಗಲೂ. ಕಣ್ಣಂದಾಜಿನ ಮಾತೂ ಇಲ್ಲ: ಗಂಟಾಯಿತೋ ಇಲ್ಲವೋ, ಅಷ್ಟೇ. ಸಾಲದ್ದಕ್ಕೆ ‘ರಕ್ತ’ ಎಂಬ ಮಾತಿನಲ್ಲೇ ಒಂದು ಸೆಳೆತವಿದೆ. ರಕ್ತಸಂಬಂಧ ಎನ್ನುತ್ತೇವೆ, ಅದು ಅವರ ರಕ್ತದಲ್ಲೇ ಬಂದದ್ದು ಎನ್ನುತ್ತೇವೆ. ಆಡುಮಾತಿನ ಆ ರಕ್ತವೂ ಪರೀಕ್ಷಾ ನಳಿಗೆಯ ಈ ರಕ್ತವೂ ಒಂದೇ ಎಂದು ನಂಬಿಬಿಡುವುದು ಬಲು ಸುಲಭ.

ಸಲೋನಿಕಾದ ಅಂಕಿಗಳು ಆ ನಂಬಿಕೆಗೆ ನೀರೆರೆದವು. ಇಂಗ್ಲಿಷ್ ಸೈನಿಕರಲ್ಲಿ ಎ 43%, ಬಿ 7%. ಭಾರತೀಯ ಸಿಪಾಯಿಗಳಲ್ಲಿ ಎ 19%, ಬಿ 41%. ವಾಯವ್ಯ ಯುರೋಪಿನಿಂದ ಪೂರ್ವಕ್ಕೆ ಬಂದಂತೆ ಎ ಇಳಿಯುತ್ತಿತ್ತು, ಬಿ ಏರುತ್ತಿತ್ತು. ಹಿರ್ಷ್‌ಫೆಲ್ಡ್ ದಂಪತಿ ಇದಕ್ಕೊಂದು ಸೂಚ್ಯಂಕ ಮಾಡಿದರು. ಎ ಗುರುತು ಇರುವವರೆಲ್ಲರನ್ನೂ ಬಿ ಗುರುತು ಇರುವವರಿಂದ ಭಾಗಿಸುವುದು. ಎಬಿಯವರು ಎರಡೂ ಕಡೆ ಲೆಕ್ಕಕ್ಕೆ. ಇಂಗ್ಲಿಷರಿಗೆ ಸುಮಾರು 4.5 ಬಂತು, ಭಾರತೀಯರಿಗೆ ಸುಮಾರು 0.5. ಮನುಕುಲದ ಮೂಲದಲ್ಲಿ ಎರಡು ಬೇರೆ ಬೇರೆ ಜನ ಇದ್ದಿರಬೇಕು, ಎ ಯುರೋಪಿನ ಉತ್ತರ ಭಾಗದಲ್ಲೆಲ್ಲೋ ಹುಟ್ಟಿರಬೇಕು, ಬಿ ಭಾರತದಲ್ಲಿ ಹುಟ್ಟಿರಬೇಕು, ಆಮೇಲೆ ಬೆರೆತಿರಬೇಕು ಎಂದು ಅವರು ಊಹಿಸಿದರು.

ಈಗ ನಾವೇ ಒಂದು ಲೆಕ್ಕ ಮಾಡಿ ನೋಡೋಣ. ಈ ಇಡೀ ವಿಷಯದ ಕೀಲಿಕೈ ಇಲ್ಲೇ ಇದೆ. ಒಂದು ಕೋಣೆಯಲ್ಲಿ 100 ಇಂಗ್ಲಿಷರು, 100 ಭಾರತೀಯರು ಇದ್ದಾರೆ ಎಂದುಕೊಳ್ಳಿ. ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟಿದೆ. ಒಬ್ಬೊಬ್ಬರ ಗುಂಪು ಮಾತ್ರ ಹೇಳುತ್ತಾರೆ, ಅವರು ಎಲ್ಲಿಯವರು ಎಂದು ನೀವು ಹೇಳಬೇಕು. ಬಿ ಎಂದಾಗ ಭಾರತೀಯ ಎನ್ನುತ್ತೀರಿ: 41 ಸರಿ, 7 ತಪ್ಪು. ಪರವಾಗಿಲ್ಲ. ಎ ಎಂದಾಗ ಇಂಗ್ಲಿಷ್ ಎನ್ನುತ್ತೀರಿ: 43 ಸರಿ, 19 ತಪ್ಪು. ಓ ಬಂದಾಗ ಕಷ್ಟ. ಇಂಗ್ಲಿಷರಲ್ಲಿ 46, ಭಾರತೀಯರಲ್ಲಿ 31. ಇಂಗ್ಲಿಷ್ ಎಂದರೂ ಐದರಲ್ಲಿ ಎರಡು ಸಲ ತಪ್ಪುತ್ತೀರಿ. ಎಬಿಯ ಒಂದೆರಡು ತಪ್ಪುಗಳನ್ನೂ ಸೇರಿಸಿ ಕೊನೆಗೆ ಕೂಡಿದರೆ 200ರಲ್ಲಿ ಸುಮಾರು 60 ಜನರನ್ನು ತಪ್ಪು ಸಾಲಿನಲ್ಲಿ ನಿಲ್ಲಿಸಿರುತ್ತೀರಿ. ಸುಮ್ನೆ ನಾಣ್ಯ ಚಿಮ್ಮಿದ್ದರೆ 100 ತಪ್ಪಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ನೆನಪಿರಲಿ, ಇವೆರಡೂ ಪಟ್ಟಿಯ ಎರಡು ತುದಿಗಳು. ಅಕ್ಕಪಕ್ಕದ ದೇಶದವರನ್ನು ನಿಲ್ಲಿಸಿದ್ದರೆ ನಾಣ್ಯಕ್ಕೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸ ಇರುತ್ತಿರಲಿಲ್ಲ.

ಅಂದರೆ ಶೇಕಡಾವಾರು ಎನ್ನುವುದು ಜನಸಮುದಾಯದ ಗುಣ, ಒಬ್ಬರ ಗುಣವಲ್ಲ. ನಾಲ್ಕೂ ಬಗೆಯ ರಕ್ತ ಅಲ್ಲೂ ಇತ್ತು, ಇಲ್ಲೂ ಇತ್ತು. ಪ್ರಮಾಣ ಮಾತ್ರ ಹೆಚ್ಚು ಕಡಿಮೆ. ಸಲೋನಿಕಾದಲ್ಲಿ ಕಂಡದ್ದು ಇಳಿಜಾರು. ಓದಿದವರು ಅದನ್ನು ಬೇಲಿ ಎಂದುಕೊಂಡರು.

ಸೂಚ್ಯಂಕದಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಅದರಲ್ಲಿ ಓ ಲೆಕ್ಕಕ್ಕೇ ಇಲ್ಲ. ಹಲವು ಕಡೆ ಅತಿ ಹೆಚ್ಚು ಜನರಿರುವ ಗುಂಪನ್ನೇ ಬಿಟ್ಟು ಮಾಡಿದ ಲೆಕ್ಕ! ಅದರ ಪ್ರಕಾರ ಸೆನೆಗಲ್‌ನವರು, ವಿಯೆಟ್ನಾಂನವರು, ಭಾರತೀಯರು ಎಲ್ಲರೂ ‘ಏಷ್ಯಾ-ಆಫ್ರಿಕಾ ಮಾದರಿ’ ಎಂಬ ಒಂದೇ ಬುಟ್ಟಿಗೆ ಬಿದ್ದರು. ಮುಂದೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ರಕ್ತ ಪರೀಕ್ಷೆಯಾದಾಗ ಅವರಲ್ಲಿ ಎ ಜಾಸ್ತಿ, ಬಿ ತೀರ ಕಡಿಮೆ ಎಂದು ಕಂಡಿತು. ಸೂಚ್ಯಂಕವನ್ನು ನಂಬುವುದಾದರೆ ಅವರು ಅಪ್ಪಟ ಯುರೋಪಿಯನ್ನರು. ಅಷ್ಟು ಹೊತ್ತಿಗಾದರೂ ಈ ಅಳತೆಗೋಲನ್ನು ಎತ್ತಿಡಬಹುದಿತ್ತು.

ರಕ್ತದ ಹೆಸರಿನ ಕಾಯ್ದೆ, ಕಾಗದದ ಪುರಾವೆ

ಎತ್ತಿಡಲಿಲ್ಲ. 1926ರಲ್ಲಿ ಒಟ್ಟೊ ರೆಕೆ ಎಂಬ ಮಾನವಶಾಸ್ತ್ರಜ್ಞ ಮತ್ತು ಪೌಲ್ ಶ್ಟೆಫಾನ್ ಎಂಬ ನೌಕಾಪಡೆಯ ವೈದ್ಯ ಸೇರಿ ರಕ್ತದ ಗುಂಪುಗಳ ಸಂಶೋಧನೆಗೆಂದೇ ಜರ್ಮನ್ ಸಂಘವೊಂದನ್ನು ಕಟ್ಟಿದರು. ಎ ಎಂದರೆ ಉತ್ತರದ ಶುದ್ಧ ಜನ, ಬಿ ಎಂದರೆ ಪೂರ್ವದಿಂದ ನುಗ್ಗಿ ಬಂದದ್ದು ಎಂದು ತೋರಿಸುವ ಆಸೆ ಅವರದ್ದು. ರಕ್ತದ ಗುಂಪನ್ನು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಯೆಹೂದಿ ಮನೆತನದಲ್ಲಿ ಹುಟ್ಟಿದವರು. ಹಿರ್ಷ್‌ಫೆಲ್ಡ್ ಕೂಡ. ಈ ಸಂಘದವರು ನಂಬಿಕೊಂಡಿದ್ದ ವಿಜ್ಞಾನವೆಲ್ಲ ಇಂಥವರ ಕೈಯಿಂದ ಬಂದದ್ದು.

ನಕ್ಷೆ ಬರೆದರು, ಸಾವಿರಾರು ಜನರನ್ನು ಪರೀಕ್ಷಿಸಿದರು. ಆದರೆ ರಕ್ತ ಅವರ ಮಾತು ಕೇಳಲಿಲ್ಲ. ಜರ್ಮನಿಯ ಪೂರ್ವಕ್ಕೆ ಹೋದಂತೆ ಜರ್ಮನ್ನರಲ್ಲೇ ಬಿ ಹೆಚ್ಚುತ್ತಿತ್ತು. ಯೆಹೂದಿಗಳ ರಕ್ತವೋ, ಅವರು ಯಾವ ದೇಶದಲ್ಲಿದ್ದರೋ ಆ ನೆರೆಹೊರೆಯವರದ್ದರ ಕಡೆಗೇ ವಾಲುತ್ತಿತ್ತು. ಯೆಹೂದಿ ರಕ್ತದ ಗುಂಪು ಎಂಬ ಒಂದು ಗುಂಪೇ ಇರಲಿಲ್ಲ.

1935ರ ಸೆಪ್ಟೆಂಬರ್‌ನಲ್ಲಿ ನಾಜಿಗಳು ನ್ಯೂರೆಂಬರ್ಗ್ ಕಾಯ್ದೆಗಳನ್ನು ತಂದರು. ಅವುಗಳಲ್ಲಿ ಒಂದರ ಹೆಸರೇ ‘ಜರ್ಮನ್ ರಕ್ತ ಮತ್ತು ಜರ್ಮನ್ ಮಾನದ ರಕ್ಷಣೆಯ ಕಾಯ್ದೆ’. ಸರಿ, ಯಾರು ಯೆಹೂದಿ ಎಂದು ತೀರ್ಮಾನಿಸುವುದು ಹೇಗೆ? ರಕ್ತ ಪರೀಕ್ಷೆಯಿಂದಲ್ಲ. ಅಜ್ಜ ಅಜ್ಜಿಯರು ಯಾವ ಧರ್ಮಕ್ಕೆ ಸೇರಿದ್ದರು ಎಂದು ದಾಖಲೆ ಪುಸ್ತಕ ತೆಗೆದು ನೋಡಿ! ನಾಲ್ವರಲ್ಲಿ ಮೂವರು ಯೆಹೂದಿಗಳಾಗಿದ್ದರೆ ನೀವೂ ಯೆಹೂದಿ. ಮಾತಿನಲ್ಲಿ ರಕ್ತ, ಕೆಲಸದಲ್ಲಿ ಕಾಗದ. ಕೈಯಲ್ಲಿ ಆಗಲೇ ರಕ್ತ ಪರೀಕ್ಷೆ ಇತ್ತಲ್ಲ, ಅದನ್ನು ಯಾಕೆ ಬಳಸಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಇಷ್ಟೇ: ಅದರಿಂದ ಅವರಿಗೆ ಬೇಕಾದ ಉತ್ತರ ಬರುತ್ತಿರಲಿಲ್ಲ.

ಗುಂಪನ್ನು ಅವರು ಬಳಸಿದ್ದು ಬೇರೆಡೆ. ಯುದ್ಧಕ್ಕೆ ಹೋಗುವ ನಾಜಿಗಳ ಎಸ್‌ಎಸ್ ಪಡೆಯ ಅನೇಕರ ಎಡತೋಳಿನ ಒಳಬದಿಯಲ್ಲಿ ಗುಂಪಿನ ಅಕ್ಷರವನ್ನು ಹಚ್ಚೆ ಹಾಕುತ್ತಿದ್ದರು. ಗಾಯವಾದರೆ ಬೇಗ ರಕ್ತ ಕೊಡಲು, ಅಷ್ಟೇ. ಯುದ್ಧ ಮುಗಿದ ಮೇಲೆ ಬೇರೆಯವರ ವೇಷದಲ್ಲಿ ತಪ್ಪಿಸಿಕೊಳ್ಳಲು ಹೊರಟ ಹಲವರನ್ನು ಆ ಅಕ್ಷರವೇ ಹಿಡಿದುಕೊಟ್ಟಿತು.

ಹಿರ್ಷ್‌ಫೆಲ್ಡ್ ದಂಪತಿ ವಾರ್ಸಾದಲ್ಲಿ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಘೆಟ್ಟೋ, ಸೇರಬೇಕಾಯಿತು. ಲುಡ್ವಿಕ್ ಬಹಳ ಹಿಂದೆಯೇ ಕ್ರೈಸ್ತರಾಗಿದ್ದರು. ಅದು ಲೆಕ್ಕಕ್ಕೆ ಬರಲಿಲ್ಲ. ಘೆಟ್ಟೋ ಒಳಗೂ ಅವರು ವೈದ್ಯಕೀಯ ಪಾಠ ಹೇಳಿದರು, ಟೈಫಸ್ ಜ್ವರದ ವಿರುದ್ಧ ಕೆಲಸ ಮಾಡಿದರು. ಆಮೇಲೆ ತಪ್ಪಿಸಿಕೊಂಡು ಬೇರೆ ಹೆಸರಿನಲ್ಲಿ ಅಡಗಿದ್ದರು. ಹಾಗೆ ಅಡಗಿದ್ದಾಗಲೇ, 1943ರಲ್ಲಿ, ಒಬ್ಬಳೇ ಮಗಳು ತೀರಿಕೊಂಡಳು. ರಕ್ತದಿಂದ ಜನಾಂಗ ಅಳೆಯಬಹುದು ಎಂದು ಮೊದಲು ತೋರಿಸಲು ಹೋದವರ ಬದುಕು ಹೀಗಾಯಿತು. ಅವರು ಆ ಲೇಖನವನ್ನು ದ್ವೇಷದಿಂದ ಬರೆದಿರಲಿಲ್ಲ. ಆದರೆ ‘ಜನಾಂಗ’ ಎಂಬ ಪೆಟ್ಟಿಗೆ ಮೊದಲೇ ಇದೆ, ರಕ್ತವನ್ನು ಅದರೊಳಗೆ ಹಾಕಿದರಾಯಿತು ಎಂದು ನಂಬಿ ಹೊರಟಿದ್ದರು. ತಪ್ಪು ಶುರುವಾದದ್ದು ಅಲ್ಲಿ ಎಂದು ನನ್ನ ಅನಿಸಿಕೆ.

ಬಾಟಲಿಯ ಮೇಲಿನ ಚೀಟಿ

ನಾಜಿಗಳ ವಿರುದ್ಧ ಹೋರಾಡುತ್ತಿದ್ದ ಅಮೆರಿಕದಲ್ಲಿ ಅದೇ ಹೊತ್ತಿಗೆ ಏನಾಗುತ್ತಿತ್ತು ನೋಡಿ. 1941ರಲ್ಲಿ ಅಮೆರಿಕದ ರೆಡ್ ಕ್ರಾಸ್ ಸೈನಿಕರಿಗಾಗಿ ರಕ್ತ ಕೂಡಿಸಲು ಶುರು ಮಾಡಿದಾಗ ಕರಿಯರ ರಕ್ತ ಬೇಡ ಎಂದಿತು. ಪ್ರತಿಭಟನೆ ಎದ್ದ ಮೇಲೆ 1942ರ ಜನವರಿಯಲ್ಲಿ ತೆಗೆದುಕೊಳ್ಳುತ್ತೇವೆ ಎಂದಿತು, ಆದರೆ ಬೇರೆ ಇಡುತ್ತೇವೆ ಎಂದಿತು. ರಕ್ತಕ್ಕೂ ಬೇರೆ ಬಾಗಿಲು.

1940ರಲ್ಲಿ ಬ್ರಿಟನ್ನಿಗೆ ಪ್ಲಾಸ್ಮಾ (ರಕ್ತದ ದ್ರವ ಭಾಗ) ಕಳಿಸುವ ದೊಡ್ಡ ಯೋಜನೆಯನ್ನು ನ್ಯೂಯಾರ್ಕ್‌ನಲ್ಲಿ ನಡೆಸಿದ್ದವರು ಚಾರ್ಲ್ಸ್ ಡ್ರೂ ಎಂಬ ವೈದ್ಯರು. ಅವರೇ ಕರಿಯರು. ಈ ಬೇರ್ಪಡಿಸುವಿಕೆಗೆ ವಿಜ್ಞಾನದ ಯಾವ ಆಧಾರವೂ ಇಲ್ಲ ಎಂದು ಅವರು ಬಹಿರಂಗವಾಗಿ ಹೇಳಿದರು. ಎ ಗುಂಪಿನ ಕರಿಯನ ರಕ್ತ ಎ ಗುಂಪಿನ ಬಿಳಿಯನಿಗೆ ಹೊಂದುತ್ತದೆ. ಬಿ ಗುಂಪಿನ ಬಿಳಿಯನದ್ದು ಅದೇ ಬಿಳಿಯನನ್ನು ಕೊಲ್ಲಬಹುದು. ಇದು ಆಗ ಯಾವ ವೈದ್ಯರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗೊತ್ತಿದ್ದೂ ಚೀಟಿ ಅಂಟಿಸಿದರು. ರೆಡ್ ಕ್ರಾಸ್ ಈ ಪದ್ಧತಿ ಬಿಟ್ಟದ್ದು 1950ರಲ್ಲಿ. ಲೂಸಿಯಾನ ರಾಜ್ಯದಲ್ಲಿ ರಕ್ತಕ್ಕೆ ಜನಾಂಗದ ಚೀಟಿ ಅಂಟಿಸಬೇಕೆಂಬ ಕಾಯ್ದೆ 1972ರವರೆಗೂ ಇತ್ತು.

ಡ್ರೂ 1950ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಕರಿಯರೆಂದು ಆಸ್ಪತ್ರೆಯಲ್ಲಿ ರಕ್ತ ಕೊಡಲಿಲ್ಲ, ಅದಕ್ಕೇ ಸತ್ತರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಅದು ನಿಜವಲ್ಲ. ಬಿಳಿಯ ವೈದ್ಯರೇ ಅವರನ್ನು ಉಳಿಸಲು ಹೆಣಗಾಡಿದ್ದರು. ಇಷ್ಟು ಕಾಲ ಆ ಕಥೆಯನ್ನು ಜನ ನಂಬಿದ್ದು ಯಾಕೆ ಎಂಬುದೇನೂ ಕಷ್ಟದ ಪ್ರಶ್ನೆಯಲ್ಲ.

ಜಪಾನಿನದ್ದು ಇನ್ನೊಂದು ಬಗೆ. 1927ರಲ್ಲಿ ಟಾಕೆಜಿ ಫುರುಕಾವಾ ಎಂಬವರು ಗುಂಪಿಗೂ ಸ್ವಭಾವಕ್ಕೂ ನಂಟು ಹಾಕಿದರು. 1971ರಲ್ಲಿ ಮಸಾಹಿಕೊ ನೋಮಿ ಎಂಬ ಬರಹಗಾರ ಅದನ್ನು ಮತ್ತೆ ಜನಪ್ರಿಯ ಮಾಡಿದರು. ಎ ಎಂದರೆ ಶಿಸ್ತು, ಬಿ ಎಂದರೆ ಹಟ, ಹೀಗೆ. 2011ರಲ್ಲಿ ಅಲ್ಲಿನ ಸಚಿವರೊಬ್ಬರು ಒರಟಾಗಿ ಮಾತಾಡಿ ರಾಜೀನಾಮೆ ಕೊಡಬೇಕಾಗಿ ಬಂದಾಗ ನನ್ನದು ಬಿ ಗುಂಪು ಎಂದೂ ಹೇಳಿಕೊಂಡರು. 10,000ಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಅಧ್ಯಯನದಲ್ಲೂ ಈ ನಂಟು ಸಿಕ್ಕಿಲ್ಲ.

ಇಳಿಜಾರು ಬಂದದ್ದು ಎಲ್ಲಿಂದ

ಜನಾಂಗವಲ್ಲ ಎಂದ ಮೇಲೆ ಒಂದು ಕಡೆ ಎ, ಇನ್ನೊಂದು ಕಡೆ ಬಿ ಜಾಸ್ತಿ ಯಾಕೆ? ಒಂದು ಕಾರಣ ಬರೀ ಆಕಸ್ಮಿಕ. ಮೂರು ಬಣ್ಣದ ಕಾಳು ಬೆರೆತ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಒಂದು ಬಣ್ಣ ಕೈಗೆ ಬರದೇ ಹೋಗಬಹುದು. ಆ ಹಿಡಿಯನ್ನೇ ಬಿತ್ತಿ ಬೆಳೆದರೆ ಆ ಹೊಲದಲ್ಲಿ ಆ ಬಣ್ಣ ಇನ್ನು ಇಲ್ಲ. ಅಮೆರಿಕ ಖಂಡಕ್ಕೆ ಮೊದಲು ಹೋದ ಸಣ್ಣ ತಂಡಗಳಲ್ಲಿ ಇಂಥದೇನೋ ಆಗಿರಬೇಕು. ದಕ್ಷಿಣ ಅಮೆರಿಕದ ಎಷ್ಟೋ ಮೂಲನಿವಾಸಿ ಸಮುದಾಯಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಓ. ಉತ್ತರದ ಬ್ಲ್ಯಾಕ್‌ಫುಟ್ ಜನರಲ್ಲಿ ಮಾತ್ರ ಎ ವಿಪರೀತ.

ಇನ್ನೊಂದು ಕಾರಣ ರೋಗ. ಓ ಗುಂಪಿನವರಿಗೆ ಮಲೇರಿಯಾ ತೀವ್ರವಾಗುವುದು ಕಡಿಮೆ, ಆದರೆ ಕಾಲರಾ ಅವರನ್ನೇ ಹೆಚ್ಚು ಕಾಡುತ್ತದೆ. ಡಫಿ ಎಂಬ ಬೇರೆ ಗುಂಪಿನದು ಇನ್ನೂ ಸ್ಪಷ್ಟ ಕಥೆ. ಒಂದು ಬಗೆಯ ಮಲೇರಿಯಾದ ರೋಗಾಣು ಕೆಂಪು ಕಣದೊಳಗೆ ಹೋಗಲು ಡಫಿ ಗುರುತನ್ನೇ ಬಾಗಿಲು ಮಾಡಿಕೊಂಡಿದೆ. ಪಶ್ಚಿಮ ಆಫ್ರಿಕಾದ ಬಹುಪಾಲು ಜನರ ಕಣಗಳಲ್ಲಿ ಆ ಬಾಗಿಲೇ ಇಲ್ಲ. ಇದು ಸೊಳ್ಳೆಯ ನಕ್ಷೆ, ಮನುಷ್ಯರ ತರಗತಿಯಲ್ಲ.

ಎ ಯುರೋಪಿನದು, ಬಿ ಭಾರತದ್ದು ಎಂಬ ಊಹೆ ಏನಾಯಿತು? ಎ, ಬಿ ಗುಂಪುಗಳು ವಾನರಗಳಲ್ಲೂ ಇವೆ. ಗೊರಿಲ್ಲಾಗಳದ್ದು ಬಿ. ಚಿಂಪಾಂಜಿಗಳಲ್ಲಿ ಹೆಚ್ಚಿನವು ಎ, ಉಳಿದವು ಓ. ಗಿಬ್ಬನ್‌ಗಳಲ್ಲಿ ಎ, ಬಿ ಎರಡೂ ಉಂಟು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ಎ-ಬಿ ಭೇದಕ್ಕೆ ಕನಿಷ್ಠ 2 ಕೋಟಿ ವರ್ಷ ವಯಸ್ಸು. ಮನುಷ್ಯರೇ ಇಲ್ಲದ ಕಾಲ ಅದು, ಜರ್ಮನಿ ಎಲ್ಲಿಂದ ಬರಬೇಕು!

1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ತಳಿವಿಜ್ಞಾನಿ ಜಗತ್ತಿನ ಎಲ್ಲೆಡೆಯಿಂದ ಕೂಡಿಸಿದ್ದ ಅಂಕಿಗಳನ್ನು ಮುಂದಿಟ್ಟುಕೊಂಡು ಕೂತರು. 17 ಜೀನ್‌ಗಳ ಅಂಕಿ, ಅದರಲ್ಲಿ ದೊಡ್ಡ ಪಾಲು ರಕ್ತದ ಗುಂಪುಗಳದ್ದೇ. ಮನುಷ್ಯರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ಸುಮಾರು 85% ಒಂದೇ ಸಮುದಾಯದ ಒಳಗೇ ಇದೆ ಎಂದು ಲೆಕ್ಕ ಬಂತು. ಜನಾಂಗಗಳ ನಡುವೆ ಉಳಿದದ್ದು ಬರೀ 6% ಚಿಲ್ಲರೆ. ಜನಾಂಗ ಹುಡುಕಲು ತೆಗೆದ ಅದೆಷ್ಟೋ ಹನಿ ರಕ್ತ ಕೊನೆಗೆ ಹೇಳಿದ್ದು ಇದನ್ನು.

ಹಾಗಾದರೆ ಇವತ್ತಿನ ಡಿಎನ್ಎ ಪರೀಕ್ಷೆ ಪೂರ್ವಜರ ಊರು ಹೇಳುತ್ತದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಜೀನ್‌ನಿಂದ ಆಗದ ಕೆಲಸ ಸಾವಿರಾರು ಜೀನ್‌ಗಳ ಸಣ್ಣ ಸಣ್ಣ ಇಳಿಜಾರುಗಳನ್ನು ಒಟ್ಟಿಗೆ ಓದಿದಾಗ ಆಗುತ್ತದೆ. ಅಜ್ಜ ಮುತ್ತಜ್ಜಂದಿರು ಯಾವ ಕಡೆಯವರು ಎಂದು ಅಂದಾಜು ಸಿಗುತ್ತದೆ. ಆದರೆ ಅದು ಸಿಗುವುದು ದಾರಿಯ ಮೇಲಿನ ಒಂದು ಜಾಗವಾಗಿ, ಗೋಡೆ ಕಟ್ಟಿದ ಕೋಣೆಯಾಗಿ ಅಲ್ಲ.

ರಕ್ತನಿಧಿಯಲ್ಲೂ ಮೂಲ ಕೇಳುವುದುಂಟು. ಈಗ ಗೊತ್ತಿರುವ ಗುಂಪು ವ್ಯವಸ್ಥೆಗಳು 40ಕ್ಕೂ ಹೆಚ್ಚು. ಆರ್‌ಎಚ್ ನೆಗೆಟಿವ್ (ಆ ಹೆಸರಿನ ಗುರುತು ಇಲ್ಲದ ರಕ್ತ) ಯುರೋಪಿನಲ್ಲಿ ಸುಮಾರು 15%, ಪೂರ್ವ ಏಷ್ಯಾದಲ್ಲಿ 1%ಗಿಂತ ಕಡಿಮೆ. ಸಿಕಲ್ ಸೆಲ್ ಎಂಬ ಕೆಂಪು ಕಣಗಳ ಆನುವಂಶಿಕ ಕಾಯಿಲೆ ಇರುವವರಲ್ಲಿ ಅನೇಕರು ಪದೇ ಪದೇ ರಕ್ತ ಪಡೆಯಬೇಕು. ಅವರಲ್ಲಿ ಹಲವರಿಗೆ ಸರಿಹೊಂದುವ ಅಪರೂಪದ ರಕ್ತ ಆಫ್ರಿಕಾ ಮೂಲದ ದಾನಿಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಎಲ್ಲಿ ಹುಡುಕಬೇಕು ಎಂಬುದಕ್ಕೆ ಮೂಲ ಸಹಾಯ ಮಾಡುತ್ತದೆ. ಸಿಕ್ಕಿತೋ ಇಲ್ಲವೋ ಎಂದು ಹೇಳುವುದು ಮಾತ್ರ ಪರೀಕ್ಷೆ.

1952ರಲ್ಲಿ ಬಾಂಬೆಯ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ರಕ್ತವನ್ನೇ ನೋಡಿ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಎಂದೇ ಕಾಣುತ್ತದೆ. ಆದರೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಎ, ಬಿ ಸಕ್ಕರೆ ಕೂರಬೇಕಾದ ಕೆಳಗಿನ ಮೆಟ್ಟಿಲೇ ಇವರ ಕಣಗಳಲ್ಲಿ ಇಲ್ಲ, ಓ ಗುಂಪಿನವರಲ್ಲಿ ಅದಾದರೂ ಇರುತ್ತದೆ. ‘ಬಾಂಬೆ ಗುಂಪು’ ಎಂದು ಹೆಸರು ಬಿತ್ತು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇರುವಂಥದ್ದು, ಯುರೋಪಿನಲ್ಲಿ ಇನ್ನೂ ಎಷ್ಟೋ ಅಪರೂಪ. ರೋಗಿ ಯಾವ ಊರಿನವರು ಎಂದು ನೋಡಿ ಇದನ್ನು ಊಹಿಸಲು ಆಗುವುದಿಲ್ಲ. ಚೀಲದ ಮೇಲಿನ ಅಕ್ಷರ ಹೊಂದಿದರೂ ರಕ್ತ ಏರಿಸುವ ಮೊದಲು ದಾನಿಯ ಕಣವನ್ನೂ ರೋಗಿಯ ಸೀರಮನ್ನೂ ಸಣ್ಣ ನಳಿಗೆಯಲ್ಲಿ ಬೆರೆಸಿ, ಗಂಟಾಯಿತೇ ಎಂದು ನೋಡುತ್ತಾರೆ. 1900ರಲ್ಲಿ ಲ್ಯಾಂಡ್‌ಸ್ಟೈನರ್ ನೋಡಿದ್ದೂ ಅದನ್ನೇ.